ಇಡ್ಲಿ ಪಾತ್ರೆಯ ಕಾವಲು ಕೂಲಿ

ವಾದಿರಾಜ್ ಅಂಕಲ್ ಯಾರಿಗಾದರೂ ಪಾತ್ರೆ ಕೊಟ್ಟರೆ ಒಳಗೆ ತಿಂಡಿ ಹಾಕಿಯೇ ಕೊಡುತ್ತಿದ್ದರು. ನಮ್ಮ ಮೈಸೂರಿನಲ್ಲಿ ಇಸಿದುಕೊಂಡವರು ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು, ನಾಲ್ಕು ಕೋಡುಬಳೆಯಾದರೂ ಇಡಬೇಕು. ಇವರದ್ದು ತಲೆಕೆಳಗು. ತಿಂಡಿ ತಿಂದು ಖಾಲಿ ಪಾತ್ರೆ ಕೊಟ್ಟರೆ ಖುಷಿಯಾಗಿ ತೆಗೆದುಕೊಳ್ಳುತ್ತಿದ್ದರು. ಜರ್ಮನಿಯ ಹ್ಯಾನೋವರ್‌ನಲ್ಲಿ ನಮ್ಮ ಕೆಳಗಿನ ಮನೆ ಅವರದ್ದು.

"ಇದ್ಯಾವ ಲೆಕ್ಕ ಅಂಕಲ್?" ಎಂದು ಒಮ್ಮೆ ಕೇಳಿದೆ.

"ನಮ್ಮ ಆಫೀಸಿನ ಲೆಕ್ಕ ಮಾರಾಯ್ತಿ. ಜಾಗ್ರತೆಯಾಗಿ ಇಟ್ಟುಕೊಳ್ಳುವವರಿಗೆ ಎಂತಾದ್ರೂ ಕೊಡ್ಬೇಕಲ್ಲ?"

ಅವರು ಒಂದು ಪಿಂಚಣಿ ನಿಧಿಗೆ ಬಾಂಡ್ ಕೊಳ್ಳುತ್ತಿದ್ದರು. ಆ ವರ್ಷಗಳಲ್ಲಿ ಜರ್ಮನ್ ಸರ್ಕಾರಕ್ಕೆ ಸಾಲ ಕೊಟ್ಟವರು ಅವಧಿ ಮುಗಿದಾಗ ಕೊಟ್ಟದ್ದಕ್ಕಿಂತ ಕಡಿಮೆ ಪಡೆಯುತ್ತಿದ್ದರು. ಕೆಲವು ದೊಡ್ಡ ಕಂಪನಿಗಳ ಬಾಂಡುಗಳೂ ಹಾಗೇ. ಅಸಲು ಮುಳುಗುವುದಿಲ್ಲ ಎಂಬ ಧೈರ್ಯಕ್ಕೆ ಜನ ಕೈಯಿಂದ ಕೊಡುತ್ತಿದ್ದರು. ಹೀಗೆ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುವುದೇ ಅಂಕಲ್ ಉದ್ಯೋಗ. ಅದಕ್ಕೆ ಒಳ್ಳೆಯ ಸಂಬಳವಿತ್ತು.

ಉಡುಪಿಯಲ್ಲಿದ್ದ ಅವರ ತಾಯಿಗೆ ಮಾತ್ರ ಇದು ಜೀರ್ಣವಾಗಲಿಲ್ಲ. ಒಂದು ಭಾನುವಾರ ಫೋನಿನಲ್ಲಿ ಅವರ ಧ್ವನಿ ನನಗೂ ಕೇಳಿಸಿತು: "ಸಾಲ ಕೊಟ್ಟು ಬಡ್ಡಿಯೂ ನೀನೇ ಕೊಡುದಾ? ಇದನ್ನು ಊರಲ್ಲಿ ಯಾರಿಗೂ ಹೇಳ್ಬೇಡ ಆಯ್ತಾ? ಮಗಳಿಗೆ ಗಂಡು ಸಿಕ್ಕುದಿಲ್ಲ."

ಆ ಮಗಳು ಅನಘಾ, ದೂರದ ಊರು ಗಾರ್ಕಿಂಗ್‌ನಲ್ಲಿ ಓದುತ್ತಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುವಳು. ಹೆಂಡತಿ ತೀರಿಕೊಂಡ ಮೇಲೆ ಅಂಕಲ್ ಜೀವವೆಲ್ಲ ಅವಳ ಮೇಲೆ, ಅವಳಮ್ಮ ಉಡುಪಿಯಿಂದ ಹೊತ್ತು ತಂದ ಹಿತ್ತಾಳೆಯ ಇಡ್ಲಿ ಪಾತ್ರೆಯ ಮೇಲೆ. ಅದು ಮಗಳಿಗೆ ಸೇರಬೇಕೆಂಬುದು ಅವರ ಒಂದೇ ಹಟ. "ಬೇಡ, ನನಗೆ ಜಾಗವಿಲ್ಲ" ಎಂದು ಅವಳು ಜರ್ಮನ್‌ನಲ್ಲೇ ಹೇಳಿಬಿಟ್ಟಿದ್ದಳು.

ಹೃದಯದ ಆಪರೇಷನ್‌ಗೆ ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಅಂಕಲ್ ಏದುಸಿರು ಬಿಡುತ್ತ ಆ ಪಾತ್ರೆಯನ್ನು ಮೇಲಕ್ಕೆ ತಂದರು. ಒಳಗೆ ಚಟ್ನಿಪುಡಿಯ ಡಬ್ಬಿ.

"ಈಗ ಅವಳಿಗೆ ಕೊಟ್ರೆ ಸ್ಪೆರ್‌ಮ್ಯುಲ್‌ಗೆ ಹೋಗ್ತದೆ," ಎಂದರು. ಹಳೆಯ ಸೋಫಾ, ಮುರಿದ ಕುರ್ಚಿ ಎಲ್ಲ ಬೀದಿಬದಿಯಲ್ಲಿ ಗುಡ್ಡೆ ಹಾಕುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. "ನಾನು ಬಂದ್ರೆ ನಾನೇ ತಗೊಳ್ತೇನೆ. ಇಲ್ಲದಿದ್ರೆ ಅವಳಾಗಿ ಕೇಳುವವರೆಗೆ ನಿನ್ನಲ್ಲೇ ಇರ್ಲಿ. ನೀನಾಗಿ ಕೊಡ್ಬೇಡ."

"ಅವಳು ಕೇಳದೇ ಹೋದ್ರೆ?"

"ಪುಡಿ ನಷ್ಟ," ಎಂದು ಮೆಟ್ಟಿಲಿಳಿದರು.

ಅವರು ಮರಳಲಿಲ್ಲ. ಅಪ್ಪನ ಮನೆ ಖಾಲಿ ಮಾಡಲು ಬಂದ ಅನಘಾ ಪಾತ್ರೆಯ ಸುದ್ದಿ ಎತ್ತಲಿಲ್ಲ. ಹೇಳಲು ನನ್ನ ಬಾಯಿ ತುರಿಸುತ್ತಿತ್ತು, ತಡೆದುಕೊಂಡೆ. ಚಟ್ನಿಪುಡಿ ಮುಗಿಯಿತು. ಜರ್ಮನ್ ಬಾಂಡುಗಳು ಮತ್ತೆ ಬಡ್ಡಿ ಕೊಡತೊಡಗಿದವು. ಅದನ್ನು ನೋಡಲು ಅಂಕಲ್ ಇರಲಿಲ್ಲವಲ್ಲ ಎಂದು ಸಂಕಟವಾಯಿತು.

ಹೋದ ಚಳಿಗಾಲದಲ್ಲಿ ಅನಘಾ ಫೋನ್ ಮಾಡಿದಳು. ಕನ್ನಡದಲ್ಲಿ, ತಡವರಿಸುತ್ತ: "ಆಂಟಿ, ಅಮ್ಮನ ಇಡ್ಲಿ ಪಾತ್ರೆ... ನಿಮ್ಮ ಹತ್ರ ಉಂಟಾ?"

ಅವಳು ಬರುವ ದಿನ ಬೆಳಿಗ್ಗೆ ಪಾತ್ರೆ ಉಜ್ಜಿ ಬೆಳಗಿ, ಬಿಸಿ ಇಡ್ಲಿ ತುಂಬಿಸಿಟ್ಟೆ. ಎಷ್ಟಾದರೂ ನಾನು ಮೈಸೂರಿನವಳು. ಅನಘಾ ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟಳು.

"ಇಟ್ಟುಕೊಂಡವರಿಗೆ ಎಂತಾದ್ರೂ ಕೊಡ್ಬೇಕು ಅಂತ ಅಪ್ಪ ಹೇಳ್ತಿದ್ರು. ನಾನೇ ಮಾಡಿದ್ದು."

ಚಟ್ನಿಪುಡಿ. ಮೆಣಸಿನಕಾಯಿ ಕರಟಿ ಕಪ್ಪಾಗಿತ್ತು. ಅಲ್ಲೇ ಒಂದು ಇಡ್ಲಿಗೆ ಹಚ್ಚಿಕೊಂಡು ತಿಂದೆ. ಕಣ್ಣಲ್ಲಿ ನೀರು ಬಂದದ್ದು ನೋಡಿ, ಖಾರ ಜಾಸ್ತಿಯಾಯಿತಾ ಎಂದು ಕೇಳಿದಳು. ಹೌದೆಂದೆ.