ಬೆರಳು ಉಳಿಸುವ ಮಾತ್ರೆ

ಡೀಲಿಯಾ ಜಾಫ್ತಾಳ ಕಾಲಿನ ಕಿರುಬೆರಳು ಕಪ್ಪಾದಾಗ ಅವಳು ಬೂಟನ್ನು ಬೈದಳು. ಕೇಪ್‌ಟೌನಿನ ಚಳಿಗಾಲ, ಹ್ಯಾನೋವರ್ ಪಾರ್ಕಿನ ಸರ್ಕಾರಿ ವಠಾರಗಳ ಗೋಡೆ ಮಳೆ ಕುಡಿದು ಒಳಗೆಲ್ಲ ಬೆವರುವ ಕಾಲ. ಆಗ ಯಾರ ಕಾಲು ತಾನೇ ಮರಗಟ್ಟುವುದಿಲ್ಲ? ದೊಡ್ಡಾಸ್ಪತ್ರೆಯವರು ಆ ಬೆರಳನ್ನು ತೆಗೆದರು. ಮರುವರ್ಷ ಅದರ ಪಕ್ಕದ್ದನ್ನೂ ತೆಗೆದರು. ಆಗಲೂ ಅವಳು ಹೊಲಿಗೆ ಬಿಚ್ಚುವ ಮೊದಲೇ ಕೆಲಸಕ್ಕೆ ಹೋದಳು, ಆಸ್ಪತ್ರೆಯ ಗೇಟು ದಾಟುತ್ತಲೇ ಸಿಗರೇಟು ಹಚ್ಚಿದಳು.

ಮೂರನೆಯ ಸಲ ಆ ಕಪ್ಪು ಕಾಲು ಬಿಟ್ಟು ಕೈಗೆ ಬಂತು. ಬಲಗೈ ತೋರುಬೆರಳ ತುದಿ ಮೊದಲು ಬಿಳಿಚಿಕೊಂಡಿತು, ಆಮೇಲೆ ನೀಲಿಯಾಯಿತು, ಆಮೇಲೆ ಉಗುರಿನ ಪಕ್ಕ ಸಾಸಿವೆಯಷ್ಟು ಜಾಗ ಸುಟ್ಟ ಹಾಗೆ ಕಂಡಿತು. ಆಗ ಹೆದರಿದಳು. ಕಾಲಿನ ಬೆರಳು ಹೋದರೆ ಬೂಟಿನೊಳಗೆ ಯಾರಿಗೂ ಕಾಣುವುದಿಲ್ಲ. ತೋರುಬೆರಳು ಹಾಗಲ್ಲ. ಹದಿನೇಳನೆಯ ವಯಸ್ಸಿನಿಂದ ಅವಳು ಸಾಲ್ಟ್ ರಿವರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಶಾಲೆ ಮಕ್ಕಳ ಅಂಗಿಗೆ ಕಾಲರ್ ಕೂರಿಸುವವಳು. ಆ ಬೆರಳು ಬಟ್ಟೆಯನ್ನು ಸೂಜಿಯ ಬುಡಕ್ಕೆ ತಿರುಗಿಸಿಕೊಟ್ಟರೆ ಕಾಲರಿನ ಮೂಲೆ ಚೂಪಾಗಿ ಬರುತ್ತಿತ್ತು. ಮನೆ ನಡೆಯುತ್ತಿದ್ದುದು ಅದರಿಂದಲೇ. ಅವಳ ಗಂಡನ ಹೆಸರು ಹೆಂಡ್ರಿ, ಮನೆಗಳಿಗೆ ಬಣ್ಣ ಬಳಿಯುವವನು. ಮಳೆಗಾಲ ಬಂತೆಂದರೆ ಅವನ ಕೈ ಖಾಲಿ.

ಸಿಗರೇಟು ಕಲಿತದ್ದೂ ಫ್ಯಾಕ್ಟರಿಯಲ್ಲೇ. ಟೀ ಹೊತ್ತಿಗೆ ಹೆಂಗಸರೆಲ್ಲ ಹಿಂದಿನ ಕಬ್ಬಿಣದ ಮೆಟ್ಟಿಲ ಬಳಿ ನಿಂತು ಸೇದುತ್ತಿದ್ದರು. ನಗು, ಜಗಳ, ಸೂಪರ್‌ವೈಸರನ ಅಣಕ, ಯಾರ ಗಂಡ ಯಾರ ಜೊತೆ ಓಡಾಡಿದ ಎಂಬ ಸುದ್ದಿ, ಎಲ್ಲ ಅಲ್ಲೇ. ಸೇದದವಳಿಗೆ ಅಲ್ಲಿ ನಿಲ್ಲಲು ನೆಪವಿರಲಿಲ್ಲ. ಮೊದಲ ಸಿಗರೇಟು ಕೊಟ್ಟವಳು ಅವಳ ಸ್ವಂತ ಅಕ್ಕ ರೋಸೆಲ್. ಅದೇ ಲೈನಿನಲ್ಲಿ, ಡೀಲಿಯಾಳ ಬೆನ್ನ ಹಿಂದಿನ ಮಿಷನ್ನಿನಲ್ಲಿ ಕೂತು ತೋಳು ಹೊಲಿಯುತ್ತಿದ್ದವಳು.

ಆಸ್ಪತ್ರೆಯಲ್ಲಿ ಈ ಸಲ ಸಿಕ್ಕಿದ್ದು ಡಾಕ್ಟರ್ ಸಿಬಿಯಾ ಎಂಬ ಹೊಸಬಳು. ಬೆರಳನ್ನು ಹಿಡಿದು ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಮಿಸೆಸ್ ಜಾಫ್ತಾ, ಇದು ಸಿಗರೇಟಿಂದಲೇ ಬರೋ ಕಾಯಿಲೆ. ಸಣ್ಣ ಸಣ್ಣ ರಕ್ತನಾಳ ಎಲ್ಲ ಮುಚ್ಚಿಕೊಳ್ತಾ ಬರುತ್ತೆ. ನೀವು ಬಿಟ್ರೆ ನಿಲ್ಲುತ್ತೆ, ಬಿಡ್ದೇ ಇದ್ರೆ ನಾನು ಕತ್ತರಿಸ್ತಾ ಹೋಗ್ಬೇಕು, ಅಷ್ಟೇ."

"ಕಮ್ಮಿ ಮಾಡಿದೀನಿ ಡಾಕ್ಟರೇ."

"ಕಮ್ಮಿ ಸಾಲದು. ದಿನಕ್ಕೊಂದು ಸೇದಿದ್ರೂ ಇದಕ್ಕೆ ಸಾಕು."

"ಹಾಗಾದ್ರೆ ಆ ಅಂಟಿಸ್ಕೊಳ್ಳೋ ಪಟ್ಟಿ ಕೊಡಿ. ಇಲ್ಲಾ ಅಗಿಯೋ ಗಮ್ಮು."

"ಅದ್ರಲ್ಲೂ ನಿಕೋಟಿನ್ನೇ ಇರೋದು. ಬೇರೆಯವ್ರಿಗೆ ಆಗುತ್ತೆ, ನಿಮಗೆ ಬೇಡ." ಡಾಕ್ಟರು ಚೀಟಿ ಎಳೆದುಕೊಂಡಳು. "ಒಂದು ಮಾತ್ರೆ ಇದೆ. ತಲೆಯೊಳಗಿನ ಆ ಚಪಲಾನೇ ಸ್ವಲ್ಪ ಸುಮ್ಮನಾಗಿಸುತ್ತೆ. ಬೆಳಿಗ್ಗೆ ಒಂದು, ಸಂಜೆ ಒಂದು. ಎರಡನ್ನ ಒಟ್ಟಿಗೆ ಮಾತ್ರ ಎಂದೂ ತಗೋಬಾರ್ದು. ಒಂದು ತಪ್ಪಿದ್ರೆ ತಪ್ಪಿತು, ಬಿಟ್ಟುಬಿಡಿ. ಈಗ ಹೇಳಿ, ನಿಮಗೆ ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ? ತಲೆಗೆ ಪೆಟ್ಟು?"

"ಇಲ್ಲ," ಎಂದಳು ಡೀಲಿಯಾ.

ಬಂದಿತ್ತು. ಎಂಟು ವರ್ಷದವಳಿದ್ದಾಗ ಚಿಕ್ಕಪ್ಪನ ಸಾಮಾನು ಗಾಡಿಯ ಹಿಂದೆ ಕೂತು ಹೋಗುವಾಗ ಬಿದ್ದು ತಲೆ ಒಡೆದುಕೊಂಡಿದ್ದಳು. ಅಲ್ಲಿಂದ ದೊಡ್ಡವಳಾಗುವವರೆಗೂ ಫಿಟ್ಸ್. ಅಂಗಳದಲ್ಲಿ, ಚರ್ಚಿನಲ್ಲಿ, ಬ್ರೆಡ್ಡಿನ ಸಾಲಿನಲ್ಲಿ ಬಿದ್ದು ಒದ್ದಾಡುತ್ತಿದ್ದಳು. ಒಂದು ಸಲ ಅಮ್ಮ ಗಾಬರಿಯಲ್ಲಿ ಬಾಯಿಗೆ ಚಮಚ ತುರುಕಿದಾಗ ಮುಂದಿನ ಹಲ್ಲು ಮುರಿದಿತ್ತು. ಆಮೇಲೆ ತಾನಾಗಿ ನಿಂತುಹೋಗಿತ್ತು. ನಿಂತುಹೋದದ್ದು ಇಲ್ಲವಾದ ಹಾಗೇ ಅಲ್ಲವೇ ಎಂದು ಅವಳು ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಂಡಳು. ಔಷಧಿ ಕಿಟಕಿಯಲ್ಲಿ ಕೊಟ್ಟ ಡಬ್ಬಿಯನ್ನು ಚೀಲದೊಳಗೆ ಮುಟ್ಟಿ ಮುಟ್ಟಿ ನೋಡಿಕೊಂಡಳು.

ವಿಷಯ ರೋಸೆಲಳಿಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಸಕ್ಕರೆ ಪಾಕದ ಕೂಸಿಸ್ಟರ್ ಎಂಬ ತಿಂಡಿ ಕಟ್ಟಿಸಿಕೊಂಡು ತಂಗಿಯ ಮನೆಗೆ ಬಂದಾಗ. ಡಬ್ಬಿಯ ಒಳಗಿದ್ದ ಮಡಿಸಿದ ಕಾಗದವನ್ನು ಅವಳು ಕನ್ನಡಕ ಏರಿಸಿಕೊಂಡು ಓದಿದಳು.

"ಇದ್ರಲ್ಲಿ ಏನ್ ಬರ್ದಿದೆ ನೋಡಿದೀಯಾ? ಫಿಟ್ಸ್ ಬಂದೋರಿಗೆ ಕೂಡ್ದು ಅಂತ. ಡಾಕ್ಟ್ರು ಕೇಳ್ಲಿಲ್ವಾ?"

"ಕೇಳಿದ್ರು."

"ನೀನು?"

"ಇಲ್ಲ ಅಂದೆ."

"ತಲೆ ಕೆಟ್ಟಿದ್ಯೇನೇ ನಿಂಗೆ? ನಿನ್ನ ನೆಲದಿಂದ ಎತ್ತಿ ಎತ್ತಿ ನನ್ನ ಸೊಂಟ ಬಿದ್ದೋಗಿತ್ತು, ಮರ್ತೋಯ್ತಾ?"

"ಅಕ್ಕಾ, ಅದಾಗಿ ಯಾವ ಕಾಲ ಆಯ್ತು! ಬೇರೆ ದಾರಿ ಇದ್ರೆ ಹೇಳು. ಪಾದ್ರಿ ಹತ್ರ ತಲೆ ಮೇಲೆ ಕೈ ಇಡಿಸ್ಕೊಂಡು ಪ್ರಾರ್ಥನೆ ಮಾಡಿಸ್ಕೊಂಡೆ. ಬೇರು ಕುದಿಸಿ ಕುಡ್ದೆ. ಹೆಂಡ್ರಿ ಪ್ಯಾಕೆಟ್ಟು ಬಚ್ಚಿಟ್ರೆ ಕಸದ ಡಬ್ಬಿಯಿಂದ ಮೋಟು ಹೆಕ್ಕಿ ಸೇದ್ದೆ. ಈ ಬೆರಳು ನೋಡು. ನೋಡು ಅಂದೆ!"

ರೋಸೆಲ್ ನೋಡಿದಳು. ಕಾಗದವನ್ನು ಮೊದಲಿದ್ದ ಹಾಗೆ ಮಡಿಸಿ ಡಬ್ಬಿಗೆ ಹಾಕಿದಳು. ಯಾರಿಗೂ ಹೇಳಲಿಲ್ಲ.

ಮಾತ್ರೆ ಕೆಲಸ ಮಾಡಿತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಾಯಿ ಒಣಗಿತು, ನಿದ್ದೆ ಹಾರಿಹೋಯಿತು; ಆದರೆ ಎರಡನೆಯ ವಾರ ಒಂದು ಬೆಳಿಗ್ಗೆ ಹಚ್ಚಿದ ಸಿಗರೇಟು ಸುಟ್ಟ ರಟ್ಟಿನ ಹಾಗೆ ರುಚಿಸಿತು. ಅರ್ಧಕ್ಕೇ ಎಸೆದಳು. ಮತ್ತೆ ಹಚ್ಚಲಿಲ್ಲ. ಟೀ ಹೊತ್ತಿಗೆ ಮೆಟ್ಟಿಲ ಕಡೆ ಹೋಗದೆ ಮಿಷನ್ನಿನ ಮುಂದೆಯೇ ಕೂತು ಲೋಟ ತಬ್ಬಿಕೊಂಡಳು. ಹೊರಗಿನಿಂದ ನಗು ತೇಲಿ ಬರುತ್ತಿತ್ತು. ತಾನು ಸತ್ತಮೇಲೂ ಅವರು ಹೀಗೇ ನಗುತ್ತಾರೆ ಅನ್ನಿಸುತ್ತಿತ್ತು. ಆದರೂ ಬೆರಳ ತುದಿಗೆ ನಿಧಾನವಾಗಿ ಬಣ್ಣ ಬಂತು. ಸಂಜೆ ಹೆಂಡ್ರಿ ಅದನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದ. "ನೋಡೇ, ಕೂಸಿನ ಬೆರಳಾಗಿದೆ," ಎಂದು ಮುತ್ತು ಕೊಡುತ್ತಿದ್ದ. ಅವನು ಮಾತ್ರ ಸಿಗರೇಟು ಬಿಟ್ಟಿರಲಿಲ್ಲ. ಓಣಿಯ ತುದಿಗೆ ಹೋಗಿ ಸೇದಿ, ಬಾಯಿ ಮುಕ್ಕಳಿಸಿ ಬರುತ್ತಿದ್ದ.

ಶಾಲೆಗಳು ತೆರೆಯುವ ಮುಂಚಿನ ತಿಂಗಳು ಫ್ಯಾಕ್ಟರಿಯಲ್ಲಿ ಉಸಿರಾಡಲೂ ಬಿಡುವಿಲ್ಲ. ಒಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಬೆಳಗಿನ ಮಾತ್ರೆ ನುಂಗುವುದನ್ನು ಮರೆತು ಬಂದಳು. ಹಿಂದಿನ ವಾರವಿಡೀ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಆ ದಿನ ಟಾರ್ಗೆಟ್ಟು ಏರಿಸಿದ್ದರು, ಸೂಪರ್‌ವೈಸರ್ ತಲೆಯ ಮೇಲೇ ನಿಂತು, "ಏನ್ ಡೀಲಿಯಾ, ಇವತ್ತು ಕಾಲರ್ ಹೊಲೀತಿದೀಯೋ ಹೆಣದ ಬಟ್ಟೆ ಹೊಲೀತಿದೀಯೋ?" ಎಂದು ಕುಟುಕಿದ. ಮಧ್ಯಾಹ್ನದ ಹೊತ್ತಿಗೆ ಎದೆಯೊಳಗೆ ಯಾರೋ ಉಗುರಿನಿಂದ ಕೆರೆಯುತ್ತಿದ್ದಂತಾಯಿತು. ಕಬ್ಬಿಣದ ಮೆಟ್ಟಿಲವರೆಗೂ ಹೋದಳು. ಹೊಗೆ ಮೂಗಿಗೆ ಬಡಿಯಿತು. ಅಲ್ಲಿಂದ ತಿರುಗಿ ಓಡಿ ಬಂದು, ಚೀಲದಲ್ಲಿ ಸಂಜೆಗೆಂದು ಇಟ್ಟುಕೊಂಡಿದ್ದ ಮಾತ್ರೆಯ ಜೊತೆಗೆ ಮೂಲೆಯಲ್ಲಿ ಉಳಿದಿದ್ದ ಇನ್ನೊಂದನ್ನೂ ಸೇರಿಸಿ ತಣ್ಣನೆಯ ಟೀಯಲ್ಲಿ ನುಂಗಿದಳು. ಡಾಕ್ಟರ ಮಾತು ನೆನಪಿರಲಿಲ್ಲವೆಂದಲ್ಲ. ಒಂದು ಸಿಗರೇಟಿಗಿಂತ ಎರಡು ಮಾತ್ರೆ ವಾಸಿ ಎಂದುಕೊಂಡಳು.

ಮಿಷನ್ನುಗಳ ಸದ್ದಿನ ನಡುವೆ ಮೊದಲು ಕಂಡವಳು ರೋಸೆಲ್. ತಂಗಿಯ ಕುತ್ತಿಗೆ ಒಂದು ಕಡೆಗೆ ಸೆಟೆದುಕೊಂಡಿತು. ಕಾಲು ಪೆಡಲಿನ ಮೇಲೆ ಬಿಗಿದು ಮಿಷನ್ನು ಹುಚ್ಚು ಹಿಡಿದಂತೆ ಓಡಿತು. ಸೂಜಿ ಬಟ್ಟೆಯನ್ನೂ ತೋರುಬೆರಳನ್ನೂ ಸೇರಿಸಿ ಹೊಲಿದು, ಮುರಿದು ನಿಂತಿತು. ರೋಸೆಲ್ ಕುರ್ಚಿ ಕೆಡವಿ ಹಾರಿ ಬಂದು ಸ್ವಿಚ್ಚು ಆರಿಸಿದಳು, ತಂಗಿಯನ್ನು ನೆಲಕ್ಕೆ ಇಳಿಸಿ ಪಕ್ಕಕ್ಕೆ ಮಗ್ಗುಲಾಗಿಸಿ ತಲೆಯ ಕೆಳಗೆ ತನ್ನ ತೊಡೆ ಕೊಟ್ಟಳು. ಬಾಯಿಗೆ ಏನನ್ನೋ ಇಡಲು ಬಂದವಳನ್ನು, "ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಗದರಿದಳು. ಬಿಳಿ ಕಾಲರಿನ ಮೇಲೆ ರಕ್ತ ಹರಡುತ್ತಿತ್ತು.

ಆಸ್ಪತ್ರೆಯಲ್ಲಿ ನಿಜ ಹೇಳಿದವಳೂ ರೋಸೆಲಳೇ. ಡಾಕ್ಟರ್ ಸಿಬಿಯಾ ಮಂಚದ ಬಳಿ ಬಂದಾಗ ಅವಳ ತುಟಿ ಬಿಗಿದಿತ್ತು.

"ನೀವು ಸತ್ತೇ ಹೋಗ್ಬಹುದಿತ್ತು. ಗೊತ್ತಾ?"

"ಮೊದಲೇ ನಿಜ ಹೇಳಿದ್ರೆ ಮಾತ್ರೆ ಕೊಡ್ತಿದ್ರಾ?" ಡೀಲಿಯಾಳ ನಾಲಿಗೆ ಕಚ್ಚಿ ಊದಿತ್ತು, ಮಾತು ತೊದಲುತ್ತಿತ್ತು.

"ಇಲ್ಲ."

"ಮತ್ತೆ?"

ಡಾಕ್ಟರು ಚೀಟಿಯಲ್ಲಿ ಆ ಮಾತ್ರೆಯ ಹೆಸರನ್ನು ಹೊಡೆದುಹಾಕಿದಳು. "ಇದನ್ನ ಇವತ್ತಿಂದ ನಿಲ್ಲಿಸ್ಬೇಕು. ಇನ್ನೊಂದು ಮಾತ್ರೆ ಇದೆ. ನಮ್ಮ ಆಸ್ಪತ್ರೆಯಲ್ಲಿ ಇಡೋದಿಲ್ಲ, ಮೇಲಿನವ್ರಿಗೆ ಬರೆದು ತರಿಸ್ಬೇಕು. ಅದ್ರಲ್ಲೂ ಫಿಟ್ಸಿನ ಭಯ ಪೂರ್ತಿ ಇಲ್ಲ ಅಂತಲ್ಲ. ಅದು ಬರೋವರ್ಗೂ ಒಂದು ಸಿಗರೇಟೂ ಮುಟ್ಬೇಡಿ. ಬೆರಳಿನ ತುದಿವರ್ಗೂ ರಕ್ತ ಹರಿದ್ರೆ ಮಾತ್ರ ಈ ಗಾಯ ಮಾಯೋದು."

ಅಲ್ಲಿಂದ ಶುರುವಾಯಿತು ನರಕ. ಮಾತ್ರೆಯ ಬಲ ಇಳಿದುಹೋಗಿ, ಅಷ್ಟು ದಿನ ಬಾಗಿಲಾಚೆ ನಿಂತಿದ್ದ ಚಪಲವೆಲ್ಲ ಒಂದೇ ಸಲಕ್ಕೆ ಒಳನುಗ್ಗಿತು. ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಖಾಲಿ ಮನೆ, ಬ್ಯಾಂಡೇಜಿನೊಳಗೆ ಮಿಡಿಯುವ ಬೆರಳು, ಗೋಡೆಯಾಚೆ ಕೆಮ್ಮುತ್ತ ಸೇದುವ ನೆರೆಯವರು. ಅವಳೇ ಹೆಂಡ್ರಿಗೆ ಹೇಳಿದಳು, "ಹೊರಗಿಂದ ಬೀಗ ಹಾಕ್ಕೊಂಡು ಹೋಗು."

"ಹೆಂಡ್ತೀನ ಕೂಡಿಹಾಕೋಕೆ ನಾನೇನ್ ಜೈಲರಾ?"

"ಹಾಕು ಅಂತ ನಾನೇ ಹೇಳ್ತಿದೀನಲ್ಲ!"

ಅವನು ಕಣ್ಣೊರೆಸಿಕೊಳ್ಳುತ್ತ ಬೀಗ ತಿರುಗಿಸಿದ. ಅವಳು ನೆಲ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹಾಡಿದಳು. ಬ್ರೆಡ್ಡಿನ ಅಂಚು ಜಗಿದು ಉಗಿದಳು. ಕೆಲವು ದಿನ ಹಾಗೇ ತಳ್ಳಿದಳು. ಆಮೇಲೆ ಒಂದು ಮಧ್ಯಾಹ್ನ, ಆಗ್ನೇಯದ ಗಾಳಿ ಮರಳು ಎತ್ತಿ ಕಿಟಕಿಗೆ ಎರಚುತ್ತಿದ್ದಾಗ, ಕೆಳಗಿನ ಅಂಗಳದಲ್ಲಿ ಯಾರೋ ಹೆಂಗಸು ಬೆಂಕಿಕಡ್ಡಿ ಗೀರುವುದು ಕಂಡಿತು. ಡೀಲಿಯಾ ಕಿಟಕಿ ತೆರೆದು ಅರ್ಧ ಮೈ ಹೊರಗೆ ಚಾಚಿದಳು.

"ಏಯ್! ಒಂದು ಕೊಡೇ! ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ಎಸಿಯೇ!"

ಕೆಳಗಿನವಳಿಗೆ ಏನು ಗೊತ್ತು ಪಾಪ. ನಗುತ್ತ ಪ್ಯಾಕೆಟ್ಟಿನೊಳಗೇ ಒಂದು ಕಲ್ಲು ಹಾಕಿ ಮೇಲಕ್ಕೆ ಎಸೆದಳು. ಡೀಲಿಯಾ ಒಲೆಯ ಬೆಂಕಿಗೇ ಬಗ್ಗಿ ಹಚ್ಚಿಕೊಂಡಳು. ಮೊದಲ ದಮ್ಮನ್ನು ಕಣ್ಣು ಮುಚ್ಚಿ ಒಳಗೆಳೆದಳು. ಅಷ್ಟು ಸುಖವಾಗಿತ್ತು ಅದು. ಪ್ಯಾಕೆಟ್ಟಿನಲ್ಲಿದ್ದುದೆಲ್ಲ ಮುಗಿಯುವವರೆಗೂ ನೆಲದ ಮೇಲೆ ಕೂತು, ಅಳುತ್ತ ಸೇದಿದಳು.

ಸಂಜೆ ಬೀಗ ತೆಗೆದ ಹೆಂಡ್ರಿಗೆ ಮೂಗೇ ಸುದ್ದಿ ಹೇಳಿತು. ಅವನು ಬಯ್ಯಲಿಲ್ಲ. ತನ್ನ ಜೇಬಿನ ಪ್ಯಾಕೆಟ್ಟನ್ನು ಕಕ್ಕಸಿನಲ್ಲಿ ಮುರಿದು ಹಾಕಿ ನೀರು ಬಿಟ್ಟ. "ನಾನೂ ಬಿಟ್ಟೆ, ನೋಡು. ಈಗ ಸಮಾಧಾನವಾ?" ಎಂದ. ಮೂರು ದಿನ ಬಿಟ್ಟಿದ್ದ. ಆಮೇಲೆ ಮತ್ತೆ ಓಣಿಯ ತುದಿಗೆ ಹೋದ. ಅವಳೂ ಕಂಡೂ ಕಾಣದ ಹಾಗಿದ್ದಳು. ಒಬ್ಬರನ್ನೊಬ್ಬರು ಬಯ್ಯುವ ಯೋಗ್ಯತೆ ಇಬ್ಬರಿಗೂ ಉಳಿದಿರಲಿಲ್ಲ.

ಬ್ಯಾಂಡೇಜು ಬಿಚ್ಚಿದ ದಿನ ವಾಸನೆಯೇ ಎಲ್ಲ ಹೇಳಿತು. ತೋರುಬೆರಳನ್ನು ಬುಡದ ಗಂಟಿನ ತನಕ ತೆಗೆದರು.

ಅರಿವಳಿಕೆ ಇಳಿದಾಗ ಡಾಕ್ಟರ್ ಸಿಬಿಯಾ ಕೈಯಲ್ಲೊಂದು ಡಬ್ಬಿ ಹಿಡಿದು ನಿಂತಿದ್ದಳು. ಮೇಲಿನವರು ಕೊನೆಗೂ ಒಪ್ಪಿದ್ದರು. ಡೀಲಿಯಾ ಗೋಡೆಯ ಕಡೆ ತಿರುಗಿ ಮಲಗಿದಳು.

"ಇನ್ನೇನಕ್ಕೆ ಇದು? ಬೇಕಿದ್ದಾಗ ಬರ್ಲಿಲ್ಲ."

"ತಡ ಆಯ್ತು. ಒಪ್ಕೋತೀನಿ." ಡಾಕ್ಟರು ಮಂಚದ ಅಂಚಿಗೆ ಕೂತಳು. "ಆದ್ರೆ ಎಡಗೈ ಹೆಬ್ಬೆರಳೂ ತಣ್ಣಗಿದೆ ಡೀಲಿಯಾ. ಮುಟ್ಟಿ ನೋಡ್ಕೊಳ್ಳಿ."

ಅವಳು ಮುಟ್ಟಿ ನೋಡಿಕೊಳ್ಳಲಿಲ್ಲ. ಮುಖ ತಿರುಗಿಸದೆ ಕೈ ಮಾತ್ರ ಹಿಂದಕ್ಕೆ ಚಾಚಿದಳು. ಡಾಕ್ಟರು ಅಂಗೈಯಲ್ಲಿ ಡಬ್ಬಿ ಇಟ್ಟಳು.

ಈ ಮಾತ್ರೆ ಹೊಟ್ಟೆ ತೊಳಸುತ್ತಿತ್ತು, ಹಗಲು ಕಣ್ಣು ಮುಚ್ಚಿದರೂ ವಿಚಿತ್ರ ಕನಸು ತರುತ್ತಿತ್ತು. ಮತ್ತೆ ಫಿಟ್ಸ್ ಬಂದರೆ ಎಂದು ರೋಸೆಲ್ ಸಂಬಳವಿಲ್ಲದ ರಜೆ ಹಾಕಿ ತಂಗಿಯ ಮನೆಯಲ್ಲೇ ಬಂದು ಕೂತಳು. ಕೈಯಲ್ಲಿ ಹೆಣಿಗೆ, ಕಣ್ಣು ತಂಗಿಯ ಮೇಲೆ.

"ಹಂಗೆ ನೋಡ್ಬೇಡ ಅಕ್ಕಾ. ಕೋಳಿ ಕಾಯೋ ನರಿ ಹಾಗೆ."

"ನಿಂಗೆ ಮೊದಲ್ನೇ ಸಿಗರೇಟು ಕೊಟ್ಟೋಳು ನಾನು. ನೋಡ್ತೀನಿ. ಸುಮ್ನೆ ಗಂಜಿ ಕುಡಿ."

ಅದೊಂದೇ ಸಲ ಅವಳು ಆ ಮಾತೆತ್ತಿದ್ದು. ಡೀಲಿಯಾ ಗಂಜಿ ಕುಡಿದಳು, ಕುಡಿದದ್ದನ್ನು ಕಕ್ಕಿದಳು, ಮತ್ತೆ ಕುಡಿದಳು. ಫಿಟ್ಸ್ ಬರಲಿಲ್ಲ. ಹೆಬ್ಬೆರಳು ಎಷ್ಟೋ ವಾರ ಹಿಂದೆಮುಂದೆ ನೋಡಿ, ಕೊನೆಗೆ ಬೆಚ್ಚಗಾಯಿತು.

ಫ್ಯಾಕ್ಟರಿಯವರು ಅವಳನ್ನು ಮಿಷನ್ನಿಗೆ ಕೂರಿಸಲಿಲ್ಲ. ಫಿಟ್ಸ್ ಬಂದವಳಿಗೆ, ಅದೂ ಬೆರಳಿಲ್ಲದವಳಿಗೆ, ಯಾರು ಕೊಡುತ್ತಾರೆ? ದಾರ ಕತ್ತರಿಸುವ ಮೇಜಿಗೆ ಹಾಕಿದರು. ಸಂಬಳ ಇಳಿಯಿತು. ಬೇರೊಬ್ಬಳು ಕೂರಿಸಿದ ಕಾಲರುಗಳ ದಾರದ ತುದಿಗಳನ್ನು ಎಡಗೈಯಲ್ಲಿ ಕತ್ತರಿ ಹಿಡಿದು ಕತ್ತರಿಸುವಾಗ, ಮೂಲೆ ಮೊಂಡಾಗಿದ್ದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. ಮಾತ್ರೆಯ ಕೋರ್ಸು ಮುಗಿದಿದೆ. ಹೆಂಡ್ರಿ ಇನ್ನೂ ಓಣಿಯ ತುದಿಗೆ ಹೋಗುತ್ತಾನೆ.

ಟೀ ಹೊತ್ತಿಗೆ ಒಮ್ಮೊಮ್ಮೆ ರೋಸೆಲ್ ಮೆಟ್ಟಿಲಿನಿಂದ ಬೇಗ ಬಂದು ಅವಳ ಮೇಜಿಗೆ ಒರಗಿ ನಿಲ್ಲುತ್ತಾಳೆ. ಮೊನ್ನೆ ಕೇಳಿದಳು, "ಈಗ್ಲಾದ್ರೂ ಸಿಗರೇಟು ಬೇಡ ಅನ್ಸುತ್ತಾ?"

"ಬೇಡವಾ? ನೀನು ಹೊಗೆ ಕುಡ್ದು ಬಂದು ಪಕ್ಕದಲ್ಲಿ ನಿಂತಿದೀಯಲ್ಲ, ನಿನ್ನ ಕೂದಲು ಹಿಂಡಿ ಕುಡಿದ್ಬಿಡೋಣ ಅನ್ಸುತ್ತೆ."

ರೋಸೆಲ್ ನಕ್ಕಳು. ನಗು ಅರ್ಧದಲ್ಲೇ ನಿಂತಿತು. ಕೂದಲು ಮುಚ್ಚುವ ಹಾಗೆ ತಲೆಯ ರುಮಾಲನ್ನು ಬಿಗಿಯಾಗಿ ಕಟ್ಟಿಕೊಂಡು ಮೇಜಿನ ಆ ಬದಿಗೆ ಸರಿದು ನಿಂತಳು. ಡೀಲಿಯಾ ಮುಂದಿನ ಅಂಗಿಯನ್ನು ಎಳೆದುಕೊಂಡಳು.