ಮಿಸ್ಸಿನ ಹಗ್ಗದ ಮೇಲಿನ ಅಂಗಿ

ನಮ್ಮ ಹಳ್ಳಿ ಐಬನ್‌ಶ್ಲಾಗಿನ ಶಾಲೆಯ ಹಿತ್ತಲಲ್ಲಿ ಗಂಡಸಿನ ಅಂಗಿ ಒಣಗುತ್ತಿದೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಬೇಕರಿಯಲ್ಲಿ, ಮೂವತ್ತೊಂದನೇ ಇಸವಿಯ ಡಿಸೆಂಬರ್ ಇಪ್ಪತ್ತೊಂಬತ್ತರ ಬೆಳಿಗ್ಗೆ. ಶಾಲೆ ಗುಡಿಸುವವಳು ನಾನು. ಅಲ್ಲಿಯ ಸುದ್ದಿ ನನ್ನಿಂದ ಊರಿಗೆ ಹೋಗಬೇಕೇ ಹೊರತು ಊರಿನಿಂದ ನನಗೆ ಬರುವುದೆಂದರೆ ಅವಮಾನ.

"ಏನೇ ಬುರ್ಗಿ, ನಿಮ್ಮ ಮಿಸ್ಸಿಗೆ ಮದುವೆ ಆಯ್ತಂತೆ? ನಮಗೊಂದು ತುಂಡು ಕೇಕೂ ಕೊಡಲಿಲ್ವಲ್ಲೇ!" ಎಂದಳು ಬೇಕರಿಯ ಪ್ರಮ್ಮರಮ್ಮ, ಗಲ್ಲಾದ ಹಿಂದಿನಿಂದ.

"ಯಾರು ಹೇಳಿದ್ದು?"

"ಹಗ್ಗ ಹೇಳ್ತಿದೆ. ಹೋಗಿ ನೋಡು. ಅದೂ ಈ ದಿನಗಳಲ್ಲಿ!"

ಕ್ರಿಸ್‌ಮಸ್‌ನಿಂದ ಜನವರಿ ಆರರ ಮೂರು ರಾಜರ ಹಬ್ಬದವರೆಗೆ ನಮ್ಮಲ್ಲಿ ಯಾರೂ ಹಗ್ಗಕ್ಕೆ ಬಟ್ಟೆ ಹಾಕುವುದಿಲ್ಲ. ಹಾಕಿದರೆ ಅದು ವರ್ಷದೊಳಗೆ ಯಾರದೋ ಹೆಣದ ಮೇಲೆ ಬೀಳುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರು. ವರ್ಷಕ್ಕೆ ಹೆಂಗಸರು ಒಗೆಯದೆ ಇರುವ ಹನ್ನೆರಡೇ ದಿನ ಅವು. ಯಾವಳೋ ಜಾಣೆ ಹೆಣದ ಹೆದರಿಕೆ ಹಾಕಿ ಗಿಟ್ಟಿಸಿಕೊಂಡದ್ದಿರಬೇಕು.

ಅಂಗಿ ನಿಜವಾಗಿಯೂ ಇತ್ತು. ಬಿಳಿಯದು, ಗಂಜಿ ಹಾಕುವ ಎದೆಪಟ್ಟಿಯದು, ಮಂಜಿಗೆ ಹಲಗೆಯಂತೆ ಸೆಟೆದು ತೋಳು ಚಾಚಿ ನಿಂತಿತ್ತು. ರಸ್ತೆಯಿಂದ ಚೆನ್ನಾಗಿ ಕಾಣುತ್ತಿತ್ತು.

ಒಟೀಲಿಯೆ ಹಾಸ್ಲಿಂಗರ್ ಮಿಸ್ಸಿನ ಮೇಲೆ ನನಗೆ ಹತ್ತು ವರ್ಷದಿಂದಲೂ ಅನುಮಾನ. ಅವಳು ನಮ್ಮವಳೇ, ಹೊಳೆಯಾಚೆಯ ಗಿರಣಿಯವನ ಮಗಳು. ಆದರೂ ನಮ್ಮವಳ ಹಾಗೆ ಇರಲಿಲ್ಲ. ಪಿಟೀಲು ಅವಳ ಅಣ್ಣನದು. ಅಣ್ಣ ಇಟಲಿಯ ಗಡಿಯ ಯುದ್ಧದಿಂದ ವಾಪಸು ಬರಲಿಲ್ಲ. ಮನೆಯಲ್ಲಿ ಬೇರೆ ಗಂಡುಮಗ ಇರಲಿಲ್ಲವೆಂದು ಅದು ಇವಳ ಕೈಗೆ ಬಂತು, ಇಲ್ಲದಿದ್ದರೆ ಇವಳ ಕೈಗೆ ಬರುತ್ತಿದ್ದದ್ದು ಹಿಟ್ಟಿನ ಜರಡಿ. ಲಿಂಟ್ಸ್ ಪಟ್ಟಣಕ್ಕೆ ಹೋಗಿ ಟೀಚರ್ ತರಬೇತಿ ಮುಗಿಸಿ, ಇಪ್ಪತ್ತಮೂರನೇ ವಯಸ್ಸಿಗೆ ಶಾಲೆಯ ಮೇಲಂತಸ್ತಿನ ಒಂದು ಕೋಣೆಗೆ ಬಂದಳು. ವಾರವೆಲ್ಲ ಪಾಠ, ಭಾನುವಾರ ಚರ್ಚಿನ ಅಟ್ಟದ ಮೇಲೆ ಪಿಟೀಲು. ಅವಳು ನುಡಿಸುವಾಗ ದನದ ವ್ಯಾಪಾರಿಗಳು ಕೂಡ ಕೆಮ್ಮು ತಡೆದುಕೊಳ್ಳುತ್ತಿದ್ದರು. ಆದರೆ ತಿಂಗಳ ಮೊದಲ ಶನಿವಾರ ಅವಳು ಲಿಂಟ್ಸ್‌ಗೆ ಹೋಗುವುದೇಕೆ?

"ಪಿಟೀಲು ಕಮಾನಿಗೆ ಹೊಸ ಕುದುರೆ ಕೂದಲು ಹಾಕಿಸೋಕೆ," ಅನ್ನುತ್ತಿದ್ದಳು.

"ಪ್ರತಿ ತಿಂಗಳೂ? ಆ ಕುದುರೆ ಬಾಲ ಇಷ್ಟು ಹೊತ್ತಿಗೆ ಬೋಳಾಗಿರ್ಬೇಕಲ್ಲ!" ಎಂದು ಪ್ರಮ್ಮರಮ್ಮ ನಗುತ್ತಿದ್ದಳು.

ನಮ್ಮ ಪ್ರಾಂತ್ಯದಲ್ಲಿ ಪಾಠ ಹೇಳುವ ಹೆಂಗಸು ಮದುವೆಯಾದ ದಿನವೇ ಕೆಲಸ ಬಿಡಬೇಕು. ಮಿಸ್ಸು ಮಿಸ್ಸಾಗಿಯೇ ಇರಬೇಕು. ಮಾಸ್ಟರಿಗೆ ಹಾಗಿಲ್ಲ. ಅವರಿಗೆ ಹೆಂಡತಿ ಇದ್ದರೆ ಒಳ್ಳೆಯದೇ, ಶಾಲೆಯ ಪರದೆಗಳನ್ನೂ ಅವಳೇ ಒಗೆಯುತ್ತಾಳೆ. ಹಾಗಾಗಿ ಆ ಅಂಗಿ ಬರೀ ಅಂಗಿಯಾಗಿರಲಿಲ್ಲ. ಅದರ ಗಂಡಸು ಯಾರೆಂದು ಗೊತ್ತಾದರೆ ಮಿಸ್ಸಿನ ಕೆಲಸ, ಕೋಣೆ, ಚರ್ಚಿನ ಪಿಟೀಲು ಮೂರೂ ಒಟ್ಟಿಗೆ ಹೋಗುತ್ತಿದ್ದವು.

ನಾನು ಹಳೆಯದನ್ನೆಲ್ಲ ಕೂಡಿಸಿ ನೋಡಿದೆ. ಉಳಿದ ಶನಿವಾರಗಳಂದು ಅವಳ ಕೋಣೆಯ ಒಲೆಗೆ ಎರಡು ಪಟ್ಟು ಸೌದೆ ಬೇಕಾಗುತ್ತಿತ್ತು. ಕಿಟಕಿಗೆ ಆವಿ ಕಟ್ಟಿರುತ್ತಿತ್ತು. ಒಮ್ಮೆ ಅವಳ ಮೇಜಿನ ಮೇಲೆ ಹಿಮ್ಮಡಿ ತೇಪೆ ಹಾಕಿದ ಕಾಲುಚೀಲ ಕಂಡಿದ್ದೆ, ನನ್ನ ಮುಂಗೈಯಷ್ಟು ಉದ್ದದ್ದು. ಕ್ರಿಸ್‌ಮಸ್ ಪೂಜೆಯಲ್ಲಿ ಅವಳ ಪಿಟೀಲು ಎರಡು ಸಲ ಅಪಸ್ವರ ಹಿಡಿದು ಕಿರುಚಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ. "ಮನಸ್ಸು ಎಲ್ಲೋ ಇದೆ," ಎಂದು ಪ್ರಮ್ಮರಮ್ಮ ನನ್ನ ಪಕ್ಕೆಗೆ ತಿವಿದಿದ್ದಳು. ಈಗ ಆ 'ಎಲ್ಲೋ' ಹಗ್ಗದ ಮೇಲೆ ನೇತಾಡುತ್ತಿತ್ತು.

ಮಧ್ಯಾಹ್ನ ಹಿತ್ತಲಿಗೆ ಹೋಗಿ ಅಂಗಿಯ ಕೆಳಅಂಚನ್ನು ತಿರುಗಿಸಿ ನೋಡಿದೆ. ಊರಿನ ಬಟ್ಟೆಯೆಲ್ಲ ಹೊಳೆಯ ಬಳಿಯ ಒಂದೇ ಒಗೆಮನೆಯಲ್ಲಿ ಬೇಯುವುದರಿಂದ ಪ್ರತಿ ಮನೆಯ ಬಟ್ಟೆಗೂ ಕೆಂಪು ದಾರದಲ್ಲಿ ಹೆಸರಿನ ಮೊದಲಕ್ಷರ ಹೊಲಿದಿರುತ್ತದೆ. ಇದರಲ್ಲೂ ಇತ್ತು. ಎಂಗೆಲ್ಬರ್ಟ್ ವುರ್ಮ್. ನಮ್ಮ ಹೆಡ್‌ಮಾಸ್ಟರು! ಹೆಂಡತಿ ಸತ್ತು ಎರಡು ವರ್ಷ ಕೂಡ ಆಗಿರಲಿಲ್ಲ. ಆ ಕೆಂಪಕ್ಷರ ಹೊಲಿದದ್ದೂ ಆ ಪುಣ್ಯಾತ್ಗಿತ್ತಿಯೇ.

ಅಂಗಿಯನ್ನು ಹಗ್ಗದಿಂದ ಕಿತ್ತು, ಹಲಗೆಯ ಹಾಗೆ ಕಂಕುಳಲ್ಲಿ ಅವುಚಿಕೊಂಡು ಮಿಸ್ಸಿನ ಮೆಟ್ಟಿಲು ಹತ್ತಿದೆ. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಿಂದ ಮೆಟ್ಟಿಲು ಹತ್ತಿದ್ದು ಅದೊಂದೇ ಸಲ.

"ಮಿಸ್ಸೇ, ಇದು ಹೆಡ್‌ಮಾಸ್ಟ್ರದ್ದು."

"ಹೌದು," ಎಂದಳು. ಬೆಚ್ಚಲೂ ಇಲ್ಲ. "ಅಂತೂ ನೀನೊಬ್ಬಳಾದ್ರೂ ಅಂಚು ತಿರುಗಿಸಿ ನೋಡಿದ್ಯಲ್ಲ. ಕೂತ್ಕೋ ಬುರ್ಗಿ."

"ಕೂರೋಕೆ ಬಂದಿಲ್ಲ. ನಾಚಿಕೆ ಆಗಲ್ವಾ ನಿಮಗೆ?"

ಅವಳು ಮಂಚದ ಕೆಳಗಿನಿಂದ ಒಂದು ಬುಟ್ಟಿ ಎಳೆದಳು. ಐದು ಅಂಗಿ, ಉದ್ದ ಒಳಚಡ್ಡಿಗಳು, ಕಾಲುಚೀಲ, ಕರವಸ್ತ್ರ, ಎರಡು ಹಾಸಿಗೆ ಬಟ್ಟೆ. ಎಲ್ಲದರಲ್ಲೂ ಅದೇ ಕೆಂಪಕ್ಷರ. ಒಗೆಯದ ಗಂಡಸಿನ ವಾಸನೆ.

"ಅವರ ಹೆಂಡತಿ ತೀರಿಕೊಂಡ ತಿಂಗಳೇ ಈ ಬುಟ್ಟಿ ನನ್ನ ಮೆಟ್ಟಿಲ ಮೇಲೆ ಬಂದು ಕೂತ್ಕೊಳ್ತು. ಒಗೀರಿ ಅಂತ ಒಂದು ದಿನ ಬಾಯಿಬಿಟ್ಟು ಹೇಳಿಲ್ಲ. ಬರೀ ಇಟ್ಟು ಹೋಗ್ತಾರೆ. ಶನಿವಾರ ಯಾರಿಗೂ ಕಾಣದ ಹಾಗೆ ಈ ಒಲೆ ಮೇಲೇ ಬೇಯಿಸಿ ಒಗೀತೀನಿ. ವರ್ಷದ ಕೊನೇಲಿ ನನ್ನ ಕೆಲಸದ ವರದಿ ಬರೆಯೋರು ಅವರೇ. ಏನು ಬರೀತಾರೆ ಗೊತ್ತಾ? 'ಶ್ರಮಶೀಲೆ, ಸಹಕಾರ ಮನೋಭಾವದವರು.'"

"ಅಷ್ಟೇನಾ?" ಎಂದೆ. ನಂಬುವುದಕ್ಕೆ ಮನಸ್ಸಿರಲಿಲ್ಲ. ಇಷ್ಟು ಚೆಂದದ ಪಾಪ ಹೀಗೆ ಬರೀ ಚಾಕರಿಯಾಗಿಬಿಡುವುದೇ!

ಅವಳು ಎಡಗೈ ಚಾಚಿದಳು. ತಂತಿ ಒತ್ತಿ ಒತ್ತಿ ಪಿಟೀಲಿನವರ ಬೆರಳ ತುದಿ ಎಮ್ಮೆಯ ಗೊರಸಿನಂತೆ ಗಟ್ಟಿಯಾಗಿರಬೇಕಂತೆ. ಇವಳದ್ದು ಬಟ್ಟೆ ಒಗೆಯುವ ಬೂದಿನೀರಿನಲ್ಲಿ ನೆನೆದು ಮೆತ್ತಗಾಗಿ, ಚಳಿಗೆ ಬಿರಿದು, ನಾಲ್ಕು ಬೆರಳಲ್ಲೂ ಕೆಂಪು ಗೀರು.

"ಕ್ರಿಸ್‌ಮಸ್ ದಿನ ತಂತಿ ಮೇಲೆ ರಕ್ತ ಇತ್ತು ಬುರ್ಗಿ. ಬೆರಳು ಜಾರ್ತು. ಅವತ್ತೇ ಬುಟ್ಟಿ ವಾಪಸ್ ಅವರ ಬಾಗಿಲಿಗೆ ಇಟ್ಟೆ. ಮಾರನೇ ದಿನ ಮತ್ತೆ ಇಲ್ಲೇ ಇತ್ತು."

"ಮತ್ತೆ ಈ ದಿನಗಳಲ್ಲಿ ಹಗ್ಗಕ್ಕೆ ಯಾಕೆ ಹಾಕಿದ್ರಿ? ನಿಮಗೆ ಶಾಸ್ತ್ರ ಗೊತ್ತಿಲ್ವಾ?"

"ಗೊತ್ತಿರೋದಕ್ಕೇ ಹಾಕ್ದೆ. ಬೇರೆ ದಿನ ಹಾಕಿದ್ರೆ ಯಾರು ನೋಡ್ತಿದ್ರು? ಎಲ್ರೂ ನೋಡ್ತಾರೆ, ಅಕ್ಷರ ಓದ್ತಾರೆ, 'ಇವಳ್ಯಾಕೆ ಅವನ ಬಟ್ಟೆ ಒಗೀಬೇಕು' ಅಂತ ಕೇಳ್ತಾರೆ ಅಂದ್ಕೊಂಡೆ." ಅವಳು ಅಂಗಿಯನ್ನು ಒಲೆಯ ಪಕ್ಕ ಒರಗಿಸಿದಳು. ಅದು ಸೊಂಟ ಮುರಿದುಕೊಂಡು ನಿಧಾನ ಕೂತಿತು. "ಹತ್ತು ವರ್ಷ ಓದೋಕೆ ಕಲಿಸಿದ ಊರಲ್ವಾ. ಓದೋಕೆ ಬರುತ್ತೆ ಅಂತ ನಂಬಿದ್ದೆ."

ಊರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಗಂಡಸು ಯಾರು ಅಂತ. ಅಂಚು ತಿರುಗಿಸಿ ನೋಡಿದ ನಾನೂ ಕೇಳಿದ್ದು ಅದನ್ನೇ.

ಬೇಕರಿಗೆ ಹೋಗಿ ಪ್ರಮ್ಮರಮ್ಮನ ಬಾಯಿ ಮುಚ್ಚಿಸಬೇಕೆಂದುಕೊಂಡೆ. ತಡವಾಗಿತ್ತು. ಜನವರಿ ಮಧ್ಯದಲ್ಲಿ ಸಹಿಯಿಲ್ಲದ ಒಂದು ಕಾಗದ ಹಿಡಿದುಕೊಂಡು ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಮಿಸ್ಸು ಗುಟ್ಟಾಗಿ ಸಂಸಾರ ಮಾಡುತ್ತಿದ್ದಾಳೆ, ಗಂಡಸಿನ ಬಟ್ಟೆಯೇ ಸಾಕ್ಷಿ ಎಂದು ಅದರಲ್ಲಿ ಬರೆದಿತ್ತಂತೆ. ಪ್ರಮ್ಮರಮ್ಮನ ಮೇಲೆ ನನಗೆ ಅನುಮಾನ ಬರಲಿಲ್ಲ. ಅವಳು ಬರೆಯುವುದು ಪೆನ್ಸಿಲಿನಲ್ಲಿ. ಮೇಜಿನ ಮೇಲಿದ್ದ ಆ ಕಾಗದದ ಶಾಯಿ ನೇರಳೆ. ಊರಲ್ಲಿ ನೇರಳೆ ಶಾಯಿ ಇದ್ದದ್ದು ಒಂದೇ ಬೀರುವಿನಲ್ಲಿ, ಅದರ ಬೀಗದ ಕೈ ಹೆಡ್‌ಮಾಸ್ಟರ ಸರಪಳಿಯಲ್ಲಿ. ಟೀಚರ್ ತರಬೇತಿ ಮುಗಿಸಿ ಕೆಲಸವಿಲ್ಲದೆ ಕುಳಿತ ಅಣ್ಣನ ಮಗ ಅವರಿಗೊಬ್ಬ ಇದ್ದ. ನಾನು ಏನನ್ನೂ ಖಚಿತವಾಗಿ ಹೇಳಲಾರೆ. ಬೀರುವಿನ ಧೂಳು ಒರೆಸುವವಳು ನಾನು ಎಂದಷ್ಟೇ ಹೇಳುತ್ತೇನೆ.

ಎರಡನೇ ತರಗತಿಯ ಕೋಣೆಯಲ್ಲಿ ವಿಚಾರಣೆ. ಇನ್ಸ್‌ಪೆಕ್ಟರು, ಚರ್ಚಿನ ಫಾದರ್, ಹೆಡ್‌ಮಾಸ್ಟರು ಕುರ್ಚಿಯಲ್ಲಿ. ಮಿಸ್ಸು ಕಿಟಕಿಯ ಬಳಿ ನಿಂತಿದ್ದಳು. ಶಾಲೆಯ ಒಳಹೊರಗು ಬಲ್ಲವಳೆಂದು ನನ್ನನ್ನು ಕರೆಸಿದ್ದರು.

"ಆ ಅಂಗಿ ಯಾರದ್ದು ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಸಾಹೇಬರು ಮೊದಲು ಹೆಡ್‌ಮಾಸ್ಟರನ್ನು ಕೇಳಿದರು.

"ನಾನು ಹೆಂಗಸರ ಒಗೆತದ ಕಡೆ ಕಣ್ಣು ಹಾಯಿಸೋನಲ್ಲ ಸಾರ್," ಎಂದರು ಅವರು, ಮೀಸೆ ನೀವಿಕೊಂಡು.

ನಿಜ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಅಂಗಿ ಇವರದ್ದು ಎಂದರೆ ಮುಂದಿನ ಪ್ರಶ್ನೆ: ಹೆಂಡತಿಯಲ್ಲದವಳು ಯಾಕೆ ಒಗೆದಳು? ಈ ಮೂವರಿಗೆ ಹೊಳೆಯುವ ಉತ್ತರ ಒಂದೇ. ಗಂಡಸಿನ ಬಟ್ಟೆ ಒಗೆಯುವವರು ಮೂರೇ ಜನ: ಹೆಂಡತಿ, ಅಗಸಗಿತ್ತಿ, ಹಾದರಗಿತ್ತಿ. ಮಿಸ್ಸು ನಿಜ ಹೇಳಲು ಬಾಯಿ ತೆರೆಯುತ್ತಿದ್ದಳು. ಅವಳಿಗಿಂತ ಮೊದಲು ನಾನೇ ತೆರೆದೆ.

"ಸಾಹೇಬ್ರೇ, ಒಂದು ಮಾತು ಕೇಳ್ಲಾ? ನೀವು ಹಾಕ್ಕೊಂಡಿರೋ ಅಂಗಿ ಒಗೆದಿದ್ದು ಯಾರು?"

ಅವರು ತಮ್ಮ ಎದೆ ನೋಡಿಕೊಂಡರು. "ಮನೆಯಲ್ಲಿ."

"ಮನೇಲಿ ಅಂದ್ರೆ? ಗೋಡೆ ಒಗೀತಾ?"

ಫಾದರ್ ಕೆಮ್ಮಿದರು. ಸಾಹೇಬರ ಕಿವಿ ಕೆಂಪಾಯಿತು. "ಹೆಂಡತಿ ಇರಬೇಕು. ಅಥವಾ ಕೆಲಸದವಳು. ನನಗೆ ಗೊತ್ತಿಲ್ಲ."

"ಹೆಡ್‌ಮಾಸ್ಟ್ರಿಗೂ ಗೊತ್ತಿಲ್ಲ, ಪಾಪ. ಅವರ ಅಂಗಿ ಒಗೆಯೋಳು ನಾನು. ನಮ್ಮ ಹಿತ್ತಲಿಗೆ ಬಿಸಿಲು ಬೀಳಲ್ಲ ಅಂತ ಶಾಲೆ ಹಗ್ಗಕ್ಕೆ ಹಾಕಿದ್ದೆ. ಅಕ್ಷರ ಬೇಕಾದ್ರೆ ನೋಡಿ. ಅಲ್ವಾ ಹೆಡ್‌ಮಾಸ್ಟ್ರೇ? ಕೂಲಿ ಮಾತಾಡಿದ್ವಲ್ಲ?"

ಹೆಡ್‌ಮಾಸ್ಟರು ನನ್ನನ್ನು ನೋಡಿದರು, ಮಿಸ್ಸಿನ ಬೆರಳುಗಳನ್ನು ನೋಡಿದರು, ಆಮೇಲೆ ಆ ನೇರಳೆ ಶಾಯಿಯ ಕಾಗದವನ್ನು. ತಲೆಯಾಡಿಸಿದರು.

"ಹನ್ನೆರಡು ದಿನಗಳ ಒಳಗೆ ಹಗ್ಗಕ್ಕೆ ಹಾಕಿದ್ಯಾ?" ಎಂದರು ಫಾದರ್. ಆ ಮೂಢನಂಬಿಕೆ ಬಿಡಿ ಎಂದು ವರ್ಷವರ್ಷವೂ ಉಪದೇಶ ಮಾಡುವವರೇ ಅವರು.

"ತಪ್ಪಾಯ್ತು ಫಾದರ್."

ಸಾಹೇಬರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಮಿಸ್ಸಿನ ಕೆಲಸ ಉಳಿಯಿತು.

ಅವಳು ನನಗೆ ಕೃತಜ್ಞತೆ ಹೇಳಿದಳೆಂದು ತಿಳಿಯಬೇಡಿ. ಮೆಟ್ಟಿಲ ಬಳಿ ತಡೆದು ನಿಲ್ಲಿಸಿ ಬೈದಳು.

"ಯಾಕೆ ಸುಳ್ಳು ಹೇಳ್ದೆ? ಆ ಮನುಷ್ಯ ಬಚಾವಾದ."

"ನಿಜ ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

"ಈಗ ನಿನ್ನ ಕೈ ಹೋಗುತ್ತೆ. ಬುಟ್ಟಿ ಒಂದು ಹೆಂಗಸಿನ ಮೆಟ್ಟಿಲಿಂದ ಇನ್ನೊಂದು ಹೆಂಗಸಿನ ಮೆಟ್ಟಿಲಿಗೆ ಹೋಯ್ತು, ಅಷ್ಟೇ."

"ನನಗೆ ಕೂಲಿ ಸಿಗುತ್ತೆ. ನಿಮಗೆ 'ಶ್ರಮಶೀಲೆ' ಸಿಗ್ತಿತ್ತು. ಯಾವುದು ವಾಸಿ?"

ಅವಳು ನಕ್ಕಳು. ಹತ್ತು ವರ್ಷದಲ್ಲಿ ನಾನು ಅವಳ ಹಲ್ಲು ಕಂಡದ್ದು ಅದೇ ಮೊದಲು.

ಆದರೂ ಆ ಬುಟ್ಟಿಯ ಮಾತು ಅವಳನ್ನು ಬಿಡಲಿಲ್ಲ. ಮುಂದಿನ ಶನಿವಾರದಿಂದ ಹಲಗೆ ಒರೆಸುವ ಬಟ್ಟೆಗಳನ್ನು ಒಗೆಯುವ ಕೆಲಸ ತರಗತಿಯ ಗಂಡುಹುಡುಗರದ್ದಾಯಿತು, ಹಿಂಡಿ ಹಗ್ಗಕ್ಕೆ ಹಾಕುವವರೆಗೂ. ತಂದೆಯರು ಜಗಳಕ್ಕೆ ಬಂದರು. "ನೈರ್ಮಲ್ಯ ಪಾಠ," ಎಂದಳು. ವರದಿಯಲ್ಲಿ ಹೆಡ್‌ಮಾಸ್ಟರು ಅದನ್ನು ಹೊಗಳಿ ಬರೆಯಬೇಕಾಯಿತು.

ಫೆಬ್ರವರಿ ಎರಡರ ಮೇಣದ ಬತ್ತಿಯ ಹಬ್ಬಕ್ಕೆ ಅವಳ ಬೆರಳು ಮಾಗಿತ್ತು. ಅಟ್ಟದಿಂದ ಪಿಟೀಲು ಇಳಿದು ಬಂತು, ಒಂದು ಬಿರುಕೂ ಇಲ್ಲದೆ. ಕೆಳಗೆ ಮೇಣದ ಬತ್ತಿ ಹಿಡಿದ ನನ್ನ ಬೆರಳುಗಳು ಬೂದಿನೀರಿಗೆ ಬಿರಿದು ಉರಿಯುತ್ತಿದ್ದವು. ಎರಡಕ್ಕೂ ಸಂಬಂಧವಿದೆ ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಮಾರ್ಚಿನಲ್ಲಿ ಎಂಬತ್ತನಾಲ್ಕು ವರ್ಷದ ಕಮ್ಮಾರಜ್ಜ ಸತ್ತ. "ನೋಡಿದ್ರಾ, ಬುರ್ಗಿ ಹಾಕಿದ ಅಂಗಿ ಅಜ್ಜನ್ನ ತಗೊಂಡು ಹೋಯ್ತು," ಎಂದಳು ಪ್ರಮ್ಮರಮ್ಮ. ಆಮೇಲೆ ಹತ್ತಿರ ಸರಿದು ಪಿಸುಗುಟ್ಟಿದಳು: "ಅದಿರ್ಲಿ, ಲಿಂಟ್ಸ್‌ನಲ್ಲಿ ಇರೋನು ಯಾರೇ?"

"ಕುದುರೆ," ಎಂದೆ. "ಬಾಲ ಇನ್ನೂ ಬೋಳಾಗಿಲ್ವಂತೆ."

ಮದುವೆಯಾದರೆ ಕೆಲಸ ಬಿಡಬೇಕೆಂಬ ಕಾನೂನು ರದ್ದಾದ ವರ್ಷ ಮಿಸ್ಸಿಗೆ ಐವತ್ತೊಂದು. ಪತ್ರಿಕೆ ನಾನೇ ಒಯ್ದು ಓದಿ ಹೇಳಿದೆ. "ಇನ್ನು ನೀವು ಮದುವೆ ಆಗ್ಬಹುದು," ಎಂದೆ. ಅವಳು ಕಮಾನಿನ ತಿರುಪು ಬಿಗಿ ಮಾಡುತ್ತಾ ಕೇಳಿದಳು, "ಅಂಗಿ ಯಾರು ಒಗೀತಾರೆ, ನೀನಾ?"

ಲಿಂಟ್ಸ್‌ನ ಶನಿವಾರಗಳು ಆಗಲೂ ನಡೆದೇ ಇದ್ದವು. ಅವಳ ಕೋಣೆ ಗುಡಿಸುವವಳು ನಾನು, ಅವಳು ಕಾಗದಪತ್ರ ಇಡುವ ಪೆಟ್ಟಿಗೆಯ ಮುಚ್ಚಳ ಎತ್ತಿದ್ದರೆ ಲಿಂಟ್ಸ್‌ನ ಗುಟ್ಟು ಗೊತ್ತಾಗುತ್ತಿತ್ತು. ಅನುಮಾನ ನನಗೆ ಇವತ್ತಿಗೂ ಇದೆ. ಮುಚ್ಚಳ ಎತ್ತಲಿಲ್ಲ, ಧೂಳಷ್ಟೇ ಒರೆಸಿದೆ.