ವಾಸು ಟೈಲರ್ ಅವರ ಎರಡನೇ ಆಪರೇಷನ್

1979ರಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಶಿಯನ್ ಆಗಿದ್ದೆ. ಉರ್ವ ಮಾರ್ಕೆಟ್ ಬಳಿ ಹೊಲಿಗೆ ಅಂಗಡಿ ಇಟ್ಟಿದ್ದ ವಾಸು ಸಾಲಿಯಾನ್ ಆಗ ನನ್ನಲ್ಲಿಗೆ ಬಂದರು. ವಯಸ್ಸು ಐವತ್ತೊಂದು. ಪಾರ್ಕಿನ್ಸನ್ ಕಾಯಿಲೆಯಿಂದ ಬಲಗೈ ನಡುಗಿ ಕತ್ತರಿ ನಿಲ್ಲುತ್ತಿರಲಿಲ್ಲ. ಮಾತ್ರೆ ಕೊಟ್ಟರೆ ಮೈಯೆಲ್ಲ ತಿರುಚಿಕೊಳ್ಳುತ್ತಿತ್ತು.

ಮದರಾಸಿನ ಸರ್ಜನ್ ಒಬ್ಬರ ಬಳಿಗೆ ಕಳಿಸಿದೆ. ಥಲಮಾಟಮಿ ಎಂಬ ಆಪರೇಷನ್ ಅದು. ರೋಗಿ ಎಚ್ಚರವಿರುವಾಗಲೇ ಮೆದುಳಿಗೆ ತೆಳು ಸಲಾಕೆ ಇಳಿಸಿ, ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಜಾಗ ಗುರುತಿಸಿ, ಅಲ್ಲಿ ಕಾಳಿನಷ್ಟು ಭಾಗವನ್ನು ಸುಡುತ್ತಾರೆ. ಬಲಗೈ ನಡುಕ ಮೇಜಿನ ಮೇಲೆಯೇ ನಿಂತಿತಂತೆ. ವಾಸು ಮತ್ತೆ ಬಟ್ಟೆ ಕತ್ತರಿಸಿದರು. ನಾನು ಅವರನ್ನು ಕಿರಿಯ ಡಾಕ್ಟರರ ಮುಂದೆ ನಿಲ್ಲಿಸಿ ತೋರಿಸಿದೆ, ನಾನೇ ಗುಣಪಡಿಸಿದವನಂತೆ.

1982ರಲ್ಲಿ ಎಡಗೈಯೂ ನಡುಗತೊಡಗಿತು. ಸರ್ಜನ್ ನನಗೆ ಪತ್ರ ಬರೆದರು: ಮೆದುಳಿನ ಎರಡೂ ಕಡೆ ಮಾಡಿದರೆ ಮಾತು ಹೋಗುವ ಅಪಾಯ ಸಣ್ಣದಲ್ಲ, ರೋಗಿಗೆ ಸ್ಪಷ್ಟವಾಗಿ ತಿಳಿಸಿ, ಒಪ್ಪಿದರೆ ಮಾತ್ರ ಕಳಿಸಿ. ಪತ್ರವನ್ನು ಫೈಲಿಗೆ ಸೇರಿಸಿದೆ. ಹೇಳಿದರೆ ಹೆದರಿ ಹಿಂದೆ ಸರಿದಾರು ಎನಿಸಿತ್ತು. ನನಗೆ ಇನ್ನೊಂದು ಗೆಲುವು ಬೇಕಿತ್ತು.

ಅವರ ಹೆಂಡತಿ ಕಮಲಾ ಗ್ಲಾಕೋಮಾದಿಂದ ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡವರು. ಗಂಡನ ತೋಳು ಹಿಡಿದು ಬಂದಿದ್ದರು. "ಮಾತಿಗೆ ಎಂತ ತೊಂದರೆ ಇಲ್ಲ ಅಲ್ವಾ ಡಾಕ್ಟ್ರೇ?" ಎಂದು ಕೇಳಿದರು.

"ಇಲ್ಲ" ಎಂದೆ.

ವಾಸು ಮದರಾಸಿನಿಂದ ಮರಳಿದಾಗ ಎರಡೂ ಕೈ ನೆಟ್ಟಗಿದ್ದವು. ಸ್ವರ ಮಾತ್ರ ಗಂಟಲಿನೊಳಗಿನ ಗೊಣಗಾಟವಾಗಿತ್ತು. ಒಂದು ವರ್ಷ ಸ್ಪೀಚ್ ಥೆರಪಿ ಮಾಡಿಸಿದರೂ ಒಂದು ಶಬ್ದವೂ ತಿಳಿಯಾಗಲಿಲ್ಲ. ಗಿರಾಕಿಗಳಿಗೆ ಚೀಟಿ ಬರೆದು ಕೊಟ್ಟು ಸುಧಾರಿಸುತ್ತಿದ್ದರು. ಕಮಲಾ ಅವರಿಗೆ ಚೀಟಿಯಿಂದ ಎಂತ ಪ್ರಯೋಜನ? ಗಂಡ ಬರೆದದ್ದನ್ನೆಲ್ಲ ಪಕ್ಕದ ಮನೆಯ ಹೆಂಗಸು ಓದಿ ಹೇಳಬೇಕಾಯಿತು. ಹಾಗೆ ಹೇಳಿಸಬಾರದ್ದನ್ನು ವಾಸು ಬರೆಯುವುದನ್ನೇ ಬಿಟ್ಟರು.

ಒಮ್ಮೆ ಅವರ ಮನೆಗೆ ಹೋಗಿದ್ದಾಗ ಕಮಲಾ ಹೇಳಿದರು: "ಒಳಗೆ ಯಾರಾದರೂ ಬಂದರೆ ಯಾರು ಅಂತ ಕೇಳ್ತೇನೆ. ಉತ್ತರ ಬರದಿದ್ದರೆ ಇವರೇ ಅಂತ ಗೊತ್ತಾಗ್ತದೆ."

ಮರುವಾರ ಆ ಪತ್ರ ತೆಗೆದುಕೊಂಡು ಹೋಗಿ ಇಬ್ಬರ ಎದುರಿಗೂ ಓದಿದೆ. ವಾಸು ಒಂದು ಚೀಟಿ ಬರೆದು ಕೊಟ್ಟರು. ಕಮಲಾ ಅವರಿಗಾಗಿ ಅದನ್ನೂ ನಾನೇ ಗಟ್ಟಿಯಾಗಿ ಓದಬೇಕಾಯಿತು: "ಮೊದಲೇ ಹೇಳಿದ್ದರೆ ಎಡಗೈ ನಡುಗಲಿ ಅಂತ ಬಿಡ್ತಿದ್ದೆ."

ಇನ್ನು ಈ ಮನೆಗೆ ಬರಬೇಡಿ ಎಂದರು ಕಮಲಾ, ಸ್ವರ ಏರಿಸದೆ. ನಾನು ಮತ್ತೆ ಹೋಗಲಿಲ್ಲ. ಕಾಯಿಲೆ ಒಳಗೊಳಗೇ ಬೆಳೆದು, ನುಂಗಲೂ ಕಷ್ಟವಾಗಿ, 1987ರಲ್ಲಿ ವಾಸು ನ್ಯುಮೋನಿಯಾದಿಂದ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ನಂತರ, ಬೇರೊಬ್ಬ ರೋಗಿಯಿಂದ.

ಕೈ ಬೇಕೋ ಮಾತು ಬೇಕೋ ಎಂದು ಆರಿಸಬೇಕಾದವರು ಅವರು. ಆರಿಸಿದವನು ನಾನು. ಆಮೇಲೆ ಸರ್ಜನ್‌ಗಳ ಪತ್ರ ಬಂದರೆ ರೋಗಿಯ ಎದುರಿಗೇ ಒಡೆದು, ಕನ್ನಡದಲ್ಲೋ ತುಳುವಿನಲ್ಲೋ ಪೂರ್ತಿ ಹೇಳತೊಡಗಿದೆ. ಕೆಲವರು ಆಪರೇಷನ್ ಬೇಡವೆಂದು ನಡುಗುವ ಕೈಗಳಲ್ಲೇ ನಮಸ್ಕಾರ ಮಾಡಿ ಎದ್ದುಹೋದರು. ನಾನು ತಡೆಯಲಿಲ್ಲ.